ಒಂದೇ ಪಿನ್ನಿನ ಮೇಲಿನ ಗುಳಿಗಳು

ಮಂಗಳವಾರ ಬೆಳಿಗ್ಗೆ 10.20ಕ್ಕೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಠಾಣೆಗೆ ಬಂದು, ಚಿಂದಿಯಲ್ಲಿ ಸುತ್ತಿದ್ದ ಎರಡು ಉಕ್ಕಿನ ತುಂಡುಗಳನ್ನು ಇನ್ಸ್‌ಪೆಕ್ಟರ ಮೇಜಿನ ಮೇಲಿಟ್ಟಳು. ಅವಳ ಅಕ್ಕನ ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಕುರ್ಚಿ ತಂದು ಇಪ್ಪತ್ತು ದಿನವೂ ಆಗಿರಲಿಲ್ಲ. ಹಿಂದಿನ ದಿನ ಗ್ರಂಥಾಲಯದ ಇಳಿಜಾರಿನಲ್ಲಿ ಚಕ್ರವನ್ನು ಹಿಡಿದಿಡುವ ಪಿನ್ನು ಎರಡು ತುಂಡಾಗಿ ಮುರಿದು, ಅಕ್ಕ ಬಿದ್ದು ಭುಜದ ಮೂಳೆ ಮುರಿದುಕೊಂಡಿದ್ದಳು.

"ಅಕ್ಕ ಕಂಪ್ಲೇಂಟ್ ಬೇಡ ಅಂದ್ಳು ಸರ್. ಇಂಥ ಪಿನ್ನು ಇನ್ನೆಷ್ಟು ಜನರ ಕುರ್ಚಿಲಿದೆಯೋ ಅಂತ ನಾನೇ ಬಂದೆ."

ಎಫ್‌ಐಆರ್ ದಾಖಲಾಯಿತು. ಕುರ್ಚಿಯನ್ನು ಒರಟಾಗಿ ಬಳಸಿರಬೇಕು ಎಂದುಕೊಂಡಿದ್ದ ಇನ್ಸ್‌ಪೆಕ್ಟರ ಲೆಕ್ಕವನ್ನು ತಲೆಕೆಳಗು ಮಾಡಿದವಳು ಕಮ್ಮಾರನ ಮಗಳಾದ ಮಹಿಳಾ ಕಾನ್‌ಸ್ಟೆಬಲ್. ಜೀಪಿನ ಪೆಟ್ಟಿಗೆಯಿಂದ ಲೋಹ ಉಜ್ಜುವ ಅರ ತಂದು ತುಂಡಿನ ಮೇಲೆ ಉಜ್ಜಿದಳು. ಅರ ಕಚ್ಚದೆ ಜಾರಿತು.

"ಗಟ್ಟಿ ಇದೆಯಲ್ಲಮ್ಮ, ಒಳ್ಳೇದೇ ತಾನೆ?"

"ಚೂರಿಗಾದ್ರೆ ಒಳ್ಳೇದು ಸರ್. ಭಾರ ಹೊರೋದು ಸ್ವಲ್ಪ ಬಾಗಬೇಕು. ಇದು ಗಾಜಿನ ಥರ ಮುರಿಯುತ್ತೆ."

ಮಧ್ಯಾಹ್ನ 1.15ಕ್ಕೆ ಅವರು ಕುರ್ಚಿ ತಯಾರಿಸುವ ಕಾರ್ಖಾನೆಯಲ್ಲಿದ್ದರು. ಮಾಲೀಕ ಬೆವರೊರೆಸಿಕೊಳ್ಳುತ್ತ ಕೆಲಸದ ಕ್ರಮ ವಿವರಿಸಿದ. ಪಿನ್ನುಗಳನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಮೇಲೆ ಹದವಾಗಿ ಮತ್ತೊಮ್ಮೆ ಕಾಯಿಸಿ ಬಿರುಸು ಇಳಿಸುತ್ತಾರೆ. ಹೋದ ತಿಂಗಳು ಹೀಗೆ ಎರಡನೇ ಸಲ ಕಾಯಿಸುವ ಕುಲುಮೆ ಒಂದು ದಿನ ಕೆಟ್ಟಿತ್ತು. ಅಂದಿನ ಪಿನ್ನುಗಳು ಹದವಾಗದೆ ಮುಂದೆ ಹೋಗಿರಬಹುದು, ಆದರೆ ಪರೀಕ್ಷೆಯಲ್ಲಿ ಸಿಕ್ಕಿಬೀಳಬೇಕಿತ್ತಲ್ಲ ಎಂದ. ಆ ಪಿನ್ನುಗಳು ನಲವತ್ತು ಕುರ್ಚಿಗಳಿಗೆ ಹೋಗಿದ್ದವು. ಮುರಿದದ್ದು ಒಂದು.

ಪರೀಕ್ಷಕ ಮೂವತ್ತೊಂದು ವರ್ಷದಿಂದ ಅಲ್ಲೇ ಕೆಲಸದಲ್ಲಿದ್ದ ಹಳಬ. ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಯಂತ್ರದ ವಜ್ರದ ಮೊನೆ ಪಿನ್ನನ್ನು ಒತ್ತಿ ಸಣ್ಣ ಗುಳಿ ಬೀಳಿಸಿದರೆ ಡಯಲ್ಲಿನ ಮುಳ್ಳು ಗಡಸುತನದ ಅಂಕಿ ತೋರಿಸುತ್ತದೆ; ಮೂವತ್ತೆಂಟರ ಆಸುಪಾಸಿದ್ದರೆ ಹದ ಸರಿ. ಮೇಷ್ಟ್ರ ಪುಸ್ತಕದಲ್ಲಿ ಏಳು ತಿಂಗಳಿಂದ ಪ್ರತಿ ಸಾಲಿನಲ್ಲೂ ಮೂವತ್ತೆಂಟು. ಒಮ್ಮೆಯೂ ಮೂವತ್ತೇಳಿಲ್ಲ, ಮೂವತ್ತೊಂಬತ್ತಿಲ್ಲ.

ಸಾಕ್ಷಿಗೆ ಇಬ್ಬರು ಪಂಚರನ್ನು ನಿಲ್ಲಿಸಿ ಇನ್ಸ್‌ಪೆಕ್ಟರು ಮುರಿದ ತುಂಡನ್ನು ಕೊಟ್ಟರು. ಮೇಷ್ಟ್ರು ಸರಾಗವಾಗಿ ಒತ್ತಿ, ಡಯಲ್ಲಿಗೆ ಮೂಗು ತಾಗುವಷ್ಟು ಬಾಗಿದ.

"ಮೂವತ್ತೆಂಟು."

ಮುಳ್ಳು ಅರವತ್ತರ ಮೇಲಿತ್ತು.

"ಮೇಷ್ಟ್ರೇ, ಮುಳ್ಳು ಕಾಣ್ತಿದೆಯಾ?"

ಅವನು ಡ್ರಾಯರ್ ಎಳೆದು ಒಂದು ಪಿನ್ನು ತೆಗೆದಿಟ್ಟ. ಅದರ ಮೈತುಂಬ ಸಿಡುಬಿನ ಕಲೆಯಂತೆ ಗುಳಿಗಳು. ಕಣ್ಣು ಸರಿಯಿದ್ದಾಗ ಅದು ಮೂವತ್ತೆಂಟು ತೋರಿಸಿತ್ತು. ಕಣ್ಣು ಮಬ್ಬಾದಾಗಿನಿಂದ ಹೊಸ ಪಿನ್ನು ಬಂದಾಗಲೆಲ್ಲ ಈ ಹಳೆಯದನ್ನೇ ಒತ್ತಿ ಮೂವತ್ತೆಂಟೆಂದೇ ಬರೆದಿದ್ದ.

"ಒತ್ತೋದ್ಯಾಕೆ? ಸುಮ್ನೆ ಬರೀಬಹುದಿತ್ತಲ್ಲ."

"ಒತ್ತದೆ ಬರೆದ್ರೆ ಸುಳ್ಳಾಗುತ್ತೆ ಸರ್."

ಕಾನ್‌ಸ್ಟೆಬಲ್‌ಗೆ ನಗು ಬರುವುದರಲ್ಲಿತ್ತು, ಅವನ ಮುಖ ನೋಡಿ ಬರಲಿಲ್ಲ. ಪಂಚನಾಮೆ ಬರೆದು ಪಿನ್ನು, ಪುಸ್ತಕ ಜಪ್ತಿಯಾದವು. ಪುಸ್ತಕಕ್ಕೆ ನೋಡದೆ ಸಹಿ ಹಾಕುತ್ತ ಬಂದಿದ್ದ ಮಾಲೀಕನ ಹೆಸರೂ ಪ್ರಕರಣಕ್ಕೆ ಸೇರಿತು. ಕುರ್ಚಿಗಳು ಯಾವ ಯಾವ ಅಂಗಡಿಗೆ ಹೋಗಿವೆಯೆಂದು ಮೇಷ್ಟ್ರು ಬಾಯಿಪಾಠ ಒಪ್ಪಿಸಿದ. ಶುಕ್ರವಾರದೊಳಗೆ ಮೂವತ್ತೊಂಬತ್ತೂ ವಾಪಸ್ಸಾದವು. ಅವುಗಳಲ್ಲಿ ಹನ್ನೊಂದು ಕುರ್ಚಿಗಳ ಪಿನ್ನು ಆಗಲೇ ಬಿರುಕು ಬಿಟ್ಟಿತ್ತು.

ಹೊಲಿಯುವ ಹೆಂಗಸಿಗೆ ವಿಷಯ ತಿಳಿಸಿ ಥ್ಯಾಂಕ್ಸ್ ಹೇಳಲು ಇನ್ಸ್‌ಪೆಕ್ಟರೇ ಫೋನ್ ಮಾಡಿದರು. ಅವರ ಕೆಲಸದಲ್ಲಿ ಅದು ಅಪರೂಪ. ಅವಳು ಫೋನನ್ನು ಅಕ್ಕನಿಗೆ ಕೊಟ್ಟಳು.

"ನನ್ನದೊಂದು ಭುಜಕ್ಕೆ ಹನ್ನೊಂದು ಜನ ಉಳಿದ್ರಾ? ಪರವಾಗಿಲ್ಲ ಬಿಡಿ, ದುಬಾರಿ ಆಗ್ಲಿಲ್ಲ," ಎಂದಳು ಅಕ್ಕ.

ಮೇಷ್ಟ್ರ ಬಂಧನವಾದದ್ದು ಶನಿವಾರ ಬೆಳಿಗ್ಗೆ 11ಕ್ಕೆ. ಬಂಧಿತರಿಗೆಲ್ಲ ಮಾಡಿಸುವ ವೈದ್ಯಕೀಯ ತಪಾಸಣೆಯಲ್ಲಿ ಡಾಕ್ಟರು ಅವನ ಕಣ್ಣಿಗೆ ಟಾರ್ಚ್ ಹಿಡಿದು, ಎರಡೂ ಕಣ್ಣಿಗೆ ಪೊರೆ ಬಂದಿದೆ, ಸಣ್ಣ ಆಪರೇಷನ್, ಆದಮೇಲೆ ಕಾಣುತ್ತದೆ ಎಂದರು.

"ಸಣ್ಣ ಆಪರೇಷನ್ನಾ?" ಎಂದು ಮೇಷ್ಟ್ರು ಮತ್ತೊಮ್ಮೆ ಕೇಳಿದ. ಕಣ್ಣು ಹೋಗುತ್ತಿದೆ ಎಂದು ಗೊತ್ತಾದರೆ ಯಂತ್ರದ ಮುಂದಿನ ಸ್ಟೂಲು ಬೇರೆಯವರ ಪಾಲಾಗುತ್ತದೆಂದು ಹೆದರಿ ಹೆಂಡತಿಗೂ ಹೇಳಿರಲಿಲ್ಲ, ಯಾವ ಡಾಕ್ಟರಿಗೂ ತೋರಿಸಿರಲಿಲ್ಲ.

ಕಾನ್‌ಸ್ಟೆಬಲ್ ಬಂಧನ ಪತ್ರ ಮುಂದಿಟ್ಟಳು. ಸಹಿ ಹಾಕುವ ಜಾಗ ಅವನಿಗೆ ಕಾಣಲಿಲ್ಲ. ಅವಳು ಅವನ ಬೆರಳು ಹಿಡಿದು ಅಲ್ಲಿಗೆ ಮುಟ್ಟಿಸಿದಳು.

"ಉಪಕಾರ ಆಯ್ತಮ್ಮ," ಎಂದು ಅವನು ಸಹಿ ಮಾಡಿದ.