ಏಳನೇ ನಂಬರಿನ ಪಕ್ಕ

ಬ್ಲೇಡು ಇಳಿಸುವ ಮೊದಲು ಅಂಚು ನೋಡಬೇಕು. ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಯಜಮಾನರು ನನಗೆ ಕಲಿಸಿದ ಮೊದಲ ಪಾಠ ಅದು. ಹೊಲಿದು, ಅಂಟು ಹಾಕಿ ಒಣಗಿಸಿದ ಪುಸ್ತಕವನ್ನು ಕಟಿಂಗ್ ಮಷೀನಿಗೆ ಕೊಟ್ಟು ಮೂರು ಕಡೆ ಸವರುತ್ತೇವೆ. ಪುಟದ ತುದಿಯಲ್ಲಿ ಯಾರಾದರೂ ಏನಾದರೂ ಬರೆದಿದ್ದರೆ ಅದು ಸೀಳಾಗಿ ರದ್ದಿ ಚೀಲ ಸೇರುತ್ತದೆ. ಎಂಟು ವರ್ಷದಲ್ಲಿ ನಾನು ಒಂದೇ ಒಂದು ಅಕ್ಷರವನ್ನೂ ಕತ್ತರಿಸಿದವನಲ್ಲ.

ಆ ದಿನ ಅಂಚು ನೋಡಲಿಲ್ಲ. ಸಿಟ್ಟು ಕಣ್ಣಿಗೆ ಕವಿದಿತ್ತು.

ಸಿಟ್ಟು ನನಗೆ ಹೊಸದಲ್ಲ. ಅಂಗಡಿಯಲ್ಲಿ ನನ್ನ ಹೆಸರೇ ಕೆಂಡ. ಇಟ್ಟವಳು ಹೊಲಿಗೆಯಕ್ಕ, ಇಪ್ಪತ್ತು ವರ್ಷದಿಂದ ಪುಸ್ತಕ ಹೊಲಿಯುತ್ತ ಬೆರಳೆಲ್ಲ ಗೀರು ಮಾಡಿಕೊಂಡವಳು. ಆದರೆ ಆ ದಿನದ ಸಿಟ್ಟಿಗೆ ಕಾರಣ ಅವಳಲ್ಲ. ಸ್ಟೂಲಿನವಳು.

ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುವ ಹುಡುಗಿ. ಯಜಮಾನರ ಅನುಮತಿ ಪಡೆದು ಮೂರು ವಾರ ನಮ್ಮ ಕಿಟಕಿಯ ಬಳಿ ಸ್ಟೂಲ್ ಹಾಕಿಕೊಂಡು ಕೂತಳು. ಒಂಬತ್ತು ಜನ ಕೆಲಸ ಮಾಡುತ್ತೇವೆ. ಯಾರು ಯಾರ ಜೊತೆ ಮಾತಾಡುತ್ತಾರೆ, ಯಾರು ಯಾರಿಗೆ ದಾರದ ಉಂಡೆ ಎಸೆಯುತ್ತಾರೆ, ಯಾರು ನಕ್ಕರೆ ಯಾರು ನಗುತ್ತಾರೆ, ಎಲ್ಲ ಬರೆದುಕೊಳ್ಳುತ್ತಿದ್ದಳು. ಎರಡನೇ ದಿನವೇ ನನಗೆ ತಡೆಯಲಾಗಲಿಲ್ಲ.

"ಮೇಡಂ, ಏನ್ ಬರ್ಕೋತೀರಾ? ನಾವೇನು ಬೋನಿನಲ್ಲಿದೀವಾ?"

"ಬೋನಿನಲ್ಲಿರೋದು ನಾನು ಕಣ್ರೀ. ಒಂಬತ್ತು ಜನ ನನ್ನನ್ನೇ ನೋಡ್ತಿದೀರಿ."

"ನಾನು ನೋಡ್ತಿಲ್ಲ."

ಅವಳು ಪುಟ ತಿರುಗಿಸಿದಳು. "ಹೌದು. ಬೆಳಿಗ್ಗೆಯಿಂದ ಹದಿನಾಲ್ಕು ಸಲ ನೋಡದೇ ಇದ್ರಿ. ಲೆಕ್ಕ ಇಟ್ಟಿದೀನಿ."

ಹೊಲಿಗೆಯಕ್ಕ ಕಿಸಕ್ಕನೆ ನಕ್ಕಳು. ನನ್ನ ಕಿವಿ ಬಿಸಿಯಾಯಿತು. ಸ್ಟೂಲಿನವಳು ಮಾತ್ರ ನಗಲಿಲ್ಲ. ಪೆನ್ನಿನ ತುದಿಯನ್ನು ತುಟಿಗಿಟ್ಟುಕೊಂಡು, ಕಣ್ಣನ್ನಷ್ಟೇ ನೋಟ್‌ಬುಕ್ಕಿನಿಂದ ಮೇಲೆತ್ತಿ, ನನ್ನ ಮುಖ ಓದಿ, ಮತ್ತೆ ಇಳಿಸಿದಳು. ಆ ಒಂದು ನೋಟದಲ್ಲಿ ನಾನು ಮೂರು ಹಾಳೆ ಅಡ್ಡಾದಿಡ್ಡಿ ಮಡಿಚಿದ್ದೆ.

ಮಧ್ಯಾಹ್ನ ಎಂಟು ಜನ ಉದ್ದ ಮೇಜಿನ ಸುತ್ತ ಡಬ್ಬಿ ಬಿಚ್ಚುತ್ತಾರೆ. ನಾನು ಮಷೀನಿನ ಪಕ್ಕ ನಿಂತು ತಿನ್ನುತ್ತೇನೆ.

"ಕೂರಲ್ವಾ?" ಎಂದಳು ಸ್ಟೂಲಿನವಳು ಒಂದು ದಿನ.

"ಅಭ್ಯಾಸ ಇಲ್ಲ."

ಯಾಕೋ ಅವಳಿಗೆ ಹೇಳಿಬಿಟ್ಟೆ. ಅಮ್ಮ ಹೋದ ಮೇಲೆ ಸೋದರಮಾವನ ಮನೆ ಸೇರಿದ್ದು, ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆ ಬಾಗಿಲಲ್ಲಿ ನನಗೊಂದು ತಟ್ಟೆ ಸಿಗುತ್ತಿದ್ದದ್ದು, ನಿಂತೇ ತಿಂದು ತೊಳೆದಿಡುತ್ತಿದ್ದದ್ದು, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಸಿಕ್ಕಿದ ಕೆಲಸವೆಲ್ಲ ಮಾಡಿ ಕೊನೆಗೆ ಇಲ್ಲಿಗೆ ಬಂದದ್ದು.

"ಹುಟ್ಟಿದಾಗ ಯಾರಿಗೂ ನಿಂತು ತಿನ್ನೋದು ಗೊತ್ತಿರಲ್ಲ," ಎಂದಳು ಮೆಲ್ಲಗೆ. "ಮನೆ ಕಲಿಸುತ್ತೆ. ಸ್ಕೂಲು, ಕೆಲಸದ ಜಾಗ ಎಲ್ಲ ಕಲಿಸುತ್ತೆ. ನಮ್ಮ ಪಾಠದಲ್ಲಿ ಅದಕ್ಕೆ ಸಾಮಾಜೀಕರಣ ಅಂತಾರೆ."

"ನಮ್ಮ ಅತ್ತೆ ಅದನ್ನ ಮರ್ಯಾದೆ ಅಂತಿದ್ರು."

ಅವಳು ಬರೆಯುವುದನ್ನು ನಿಲ್ಲಿಸಿದಳು. "ಕಲಿತದ್ದನ್ನ ಬಿಡೋಕೂ ಆಗುತ್ತೆ."

"ಬಿಡಿಸೋಕೆ ಯಾರಾದ್ರೂ ಬೇಕಲ್ಲ."

ಮಾತು ಬಾಯಿಂದ ಜಾರಿದ ಮೇಲೆ ಗೊತ್ತಾಯಿತು ಏನಂದೆ ಎಂದು. ಅವಳ ಕೈಯಿಂದ ಪೆನ್ನಿನ ಮುಚ್ಚಳ ಬಿತ್ತು. ಇಬ್ಬರೂ ಬಗ್ಗಿದೆವು, ಇಬ್ಬರಿಗೂ ಸಿಗಲಿಲ್ಲ. ಮಾತು ತಿರುಗಿಸಲು ನನ್ನ ಕೆಲಸದ ಬಗ್ಗೆ ಕೊಚ್ಚಿಕೊಂಡೆ. "ಅಂಚು ನೋಡದೆ ನಾನು ಬ್ಲೇಡು ಇಳಿಸಿದ್ದೇ ಇಲ್ಲ ಮೇಡಂ. ಬೇಕಾದ್ರೆ ಬರ್ಕೊಳ್ಳಿ."

ಬರೆದುಕೊಂಡಳು.

ಕೊನೆಯ ದಿನ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟಳು. ಹೆಸರಿಲ್ಲ, ನಂಬರು ಮಾತ್ರ. ನಾನು ಏಳು. ಒಂದೇ ಪ್ರಶ್ನೆ: ಮಧ್ಯಾಹ್ನದ ಊಟಕ್ಕೆ ಯಾರ ಪಕ್ಕ ಕೂರಲು ಇಷ್ಟ? ಅಂಗಡಿ ಒಂದು ಗುಂಪೋ, ಒಂದೇ ಸೂರಿನಡಿ ದುಡಿಯುವ ಬಿಡಿ ಜನವೋ ಅನ್ನುವುದು ಇದರಿಂದ ಗೊತ್ತಾಗುತ್ತದಂತೆ.

ನಾನು ಬರೆದೆ: ಸ್ಟೂಲಿನವಳು. ಮರುಕ್ಷಣವೇ ಅದರ ಮೇಲೆ ಗೀಚಿ, ಹಾಳೆ ಹರಿಯುವಷ್ಟು ಗೀಚಿ, ನಾಲ್ಕು ಮಡಿಕೆ ಮಾಡಿ ಕೊಟ್ಟೆ.

ಎರಡು ತಿಂಗಳಾದ ಮೇಲೆ ಅವಳ ಪ್ರಬಂಧ ನಮ್ಮ ಅಂಗಡಿಗೇ ಬೈಂಡಿಂಗಿಗೆ ಬಂತು. ಆರು ಪ್ರತಿ; ಐದು ಕಾಲೇಜಿಗೆ, ಒಂದು ಅವಳದು. ಹೊಲಿದದ್ದು ಅಕ್ಕ, ಸವರುವುದು ನಾನು. ಮೊದಲನೆಯದನ್ನು ಮಷೀನಿಗೆ ಕೊಡುವ ಮೊದಲು ಅಂಚು ನೋಡಲು ಪುಟ ಸರಿಸಿದೆ. ನೂರಾ ಹನ್ನೆರಡನೇ ಪುಟದಲ್ಲಿ ಒಂದು ಚಿತ್ರ. ಒಂಬತ್ತು ವೃತ್ತ, ಒಂಬತ್ತು ನಂಬರು. ಯಾರು ಯಾರ ಹೆಸರು ಬರೆದರೋ ಅವರ ಕಡೆಗೆ ಬಾಣ. ಎಂಟರ ನಡುವೆ ಬಾಣಗಳ ಬಲೆ. ಮೂಲೆಯಲ್ಲಿ ಏಳು. ಒಂದು ಬಾಣವೂ ಬಂದಿಲ್ಲ, ಒಂದೂ ಹೋಗಿಲ್ಲ. ಕೆಳಗೆ ಬರೆದಿತ್ತು: ಗುಂಪಿನಿಂದ ಪ್ರತ್ಯೇಕಗೊಂಡ ವ್ಯಕ್ತಿ.

ಪ್ರತ್ಯೇಕಗೊಂಡ ವ್ಯಕ್ತಿ. ಅಡುಗೆಮನೆ ಬಾಗಿಲಲ್ಲಿ ನಿಂತ ಹುಡುಗನನ್ನು ಅಚ್ಚು ಹಾಕಿಸಿ ಆರು ಪ್ರತಿ ಮಾಡಿದ್ದಾಳೆ! ನಾನು ಹೇಳಿಕೊಂಡದ್ದು ಇದಕ್ಕಾ? ಉಳಿದ ಐದನ್ನು ಬಿಡಿಸಲೂ ಇಲ್ಲ. ಜೋಡಿಸಿದೆ, ಒತ್ತಿದೆ, ಬ್ಲೇಡು ಇಳಿಸಿದೆ.

ಸಂಜೆ ಅವಳು ಬಂದಳು. ಐದು ಪ್ರತಿ ಚೀಲಕ್ಕೆ ಹಾಕಿಕೊಂಡು ಆರನೆಯದನ್ನು, ತನ್ನ ಪ್ರತಿಯನ್ನು, ನನ್ನ ಕಡೆಗೆ ಸರಿಸಿದಳು.

"ಇದು ನಿಮಗೆ. ನೂರಾ ಹನ್ನೆರಡನೇ ಪುಟ ನೋಡಿದ್ರಾ?"

"ನೋಡಿದೆ."

"ಏನನ್ನಿಸ್ತು?"

"ಏನನ್ನಿಸ್ಬೇಕು? ಚೆನ್ನಾಗಿ ಬರೆದಿದೀರಿ. ಮಾರ್ಕ್ಸ್ ಬರುತ್ತೆ. ನನಗೆ ನಿಮ್ಮ ಈ ಕರುಣೆ ಬೇಡ. ತಗೊಂಡು ಹೋಗಿ."

ಅವಳ ಮುಖದಲ್ಲಿ ರಕ್ತ ಇರಲಿಲ್ಲ. "ಉತ್ತರ ಅದೇನಾ?"

"ಅದೇ."

"ಸರಿ. ನಾಳೆ ಎರಡು ಗಂಟೆಗೆ ಒಪ್ಪಿಸ್ತೀನಿ. ಆಮೇಲೆ ಈ ಬೀದಿಯಲ್ಲಿ ನನಗೇನೂ ಕೆಲಸ ಇಲ್ಲ."

ಪುಸ್ತಕ ಮೇಜಿನ ಮೇಲೇ ಬಿಟ್ಟು ಹೋದಳು.

ಮಾರನೇ ದಿನ ಊಟದ ಹೊತ್ತಿಗೆ ಹೊಲಿಗೆಯಕ್ಕ ಅದನ್ನು ಬಿಡಿಸಿದಳು. "ಲೋ ಕೆಂಡ, ಬಾ ಇಲ್ಲಿ. ಈ ಗೆರೆ ಎಲ್ಲಿಂದ ಬಂತೋ?"

ಅದೇ ಚಿತ್ರ. ಆದರೆ ಈ ಪ್ರತಿಯಲ್ಲಿ ಪೆನ್ಸಿಲ್ಲಿನ ಒಂದು ಗೆರೆ ಇತ್ತು. ಪುಟದ ಅಂಚಿನಿಂದ ಹೊರಟು, ಎಂಟು ವೃತ್ತಗಳನ್ನೂ ದಾಟಿ ಏಳಕ್ಕೆ ಬಂದು ಮುಟ್ಟಿತ್ತು. ಏಳರ ಬಳಿ ಬಾಣದ ಮೊನೆ. ಗೆರೆ ಹುಟ್ಟಿದ ಜಾಗ ಇರಲಿಲ್ಲ. ಅದನ್ನು ನಾನು ಸವರಿಬಿಟ್ಟಿದ್ದೆ.

ನಾನು ರದ್ದಿ ಚೀಲದ ಮೇಲೆ ಬಿದ್ದೆ. ಒಂದು ದಿನದ ಸೀಳು, ಸಾವಿರಾರು. ಕೈ ಹಾಕಿದಷ್ಟೂ ಬಿಳಿ.

"ಏಯ್, ಕೋಳಿ ಕೆದಕಿದ ಹಾಗೆ ಕೆದಕಬೇಡ. ಸುರಿ ಕೆಳಗೆ," ಎಂದಳು ಅಕ್ಕ.

ಡಬ್ಬಿಗಳನ್ನು ಹಾಗೇ ಮುಚ್ಚಿಟ್ಟು ಎಂಟೂ ಜನ ನೆಲಕ್ಕೆ ಕೂತರು. ನಾನು ಎಂಟು ವರ್ಷದಲ್ಲಿ ಒಂದು ಸಿಹಿ ಮಾತನ್ನೂ ಆಡದ ಎಂಟು ಜನ. ಪೆನ್ಸಿಲ್ ಗೆರೆಯಿರುವ ಸೀಳು ಎಂದೆ; ಯಾರೂ ಎರಡನೇ ಸಲ ಕೇಳಲಿಲ್ಲ. ನನಗೆ ಅದಕ್ಕೂ ಸಿಟ್ಟು ಬಂತು.

"ಇಷ್ಟೆಲ್ಲ ಮಾಡೋರು, ಆ ಚೀಟಿಯಲ್ಲಿ ಒಬ್ಬರಾದ್ರೂ ನನ್ನ ಹೆಸರು ಬರೀಲಿಲ್ವಲ್ಲ!"

ಅಕ್ಕ ತಲೆ ಎತ್ತಲಿಲ್ಲ. "ಯಾರ ಪಕ್ಕ ಕೂರ್ತೀರಿ ಅಂತ ಕೇಳಿದ್ದಳು. ನೀನು ಕೂತಿದ್ರೆ ತಾನೇ ಪಕ್ಕ ಅಂತ ಒಂದು ಇರೋದು?"

ಅಷ್ಟರಲ್ಲಿ ಅಂಟು ಬಳಿಯುವವನು ಕೂಗಿದ, "ಸಿಕ್ತು!"

ಬೆರಳಗಲದ ಸೀಳು. ಅದರ ಮೇಲೆ ಪೆನ್ಸಿಲ್ಲಿನ ಚಿಕ್ಕ ವೃತ್ತ. ಒಳಗೆ ನಂಬರಿಲ್ಲ. 'ನಾನು' ಎಂದಷ್ಟೇ ಇತ್ತು.

ಅಕ್ಕ ನನ್ನ ಡಬ್ಬಿಯನ್ನು ಕೈಗೆ ತುರುಕಿ ನೂಕಿದಳು. "ಓಡು."

ಕಾಲೇಜಿನ ಉದ್ದನೆಯ ಓಣಿಯಲ್ಲಿ, ಮುಚ್ಚಿದ ಬಾಗಿಲೊಂದರ ಮುಂದೆ, ಅವಳು ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಐದು ಪುಸ್ತಕ. ಎರಡಕ್ಕೆ ಇಪ್ಪತ್ತು ನಿಮಿಷ ಇತ್ತು. ನನ್ನನ್ನು ಕಂಡರೂ ಎದ್ದು ನಿಲ್ಲಲಿಲ್ಲ.

ನಾನು ಸೀಳನ್ನು ಅವಳ ಅಂಗೈಯಲ್ಲಿಟ್ಟೆ. "ಅಂಚು ನೋಡಲಿಲ್ಲ. ಮೊದಲ ಪ್ರತಿಯಲ್ಲಿ ಏಳನ್ನ ನೋಡಿದೆ, ಸಿಟ್ಟು ಬಂತು. ನಿಮ್ಮದನ್ನ ಬಿಡಿಸಲೇ ಇಲ್ಲ. ಕತ್ತರಿಸಿದೆ."

ಅವಳು ಸೀಳನ್ನು ಬೆರಳಿಗೆ ಸುತ್ತಿಕೊಂಡಳು.

"ನೋಡೋಳು ಚಿತ್ರದೊಳಗೆ ಇರಬಾರದು ಅಂತ ನಿಯಮ," ಎಂದಳು. "ಅದಕ್ಕೇ ಅಂಚಿನಲ್ಲಿ ಬರೆದೆ. ನೀವು ಅಂಚು ನೋಡೇ ನೋಡ್ತೀರಿ ಅಂತ ನಂಬಿದ್ದೆ."

ಅದಕ್ಕಿಂತ ಬಲವಾಗಿ ಯಾರೂ ನನಗೆ ಹೊಡೆದಿರಲಿಲ್ಲ. ಮಾವ ಕೂಡ.

"ನನ್ನ ಚೀಟಿಯಲ್ಲಿ..." ಶುರುಮಾಡಿದೆ.

"ಗೊತ್ತು. ಬೆಳಕಿಗೆ ಹಿಡಿದು ಓದಿದೆ. ಅಷ್ಟು ಗೀಚಿದರೆ ಓದಬೇಕು ಅನ್ಸಲ್ವೇನ್ರೀ?" ಕಣ್ಣು ತುಂಬಿತ್ತು, ದನಿಯಲ್ಲಿ ಹಳೆಯ ತುಂಟತನದ ಒಂದು ಎಳೆ ಇತ್ತು. "ಗುಂಪಿನ ಹೊರಗಿನವರ ಹೆಸರು ಲೆಕ್ಕಕ್ಕಿಲ್ಲ. ಬಿಡಬೇಕಾಯ್ತು. ಬಿಡುವಾಗ ಎರಡು ದಿನ ನಿದ್ದೆ ಬರಲಿಲ್ಲ."

"ನಿನ್ನೆ ಹೇಳಿದ್ದು ನನ್ನ ಉತ್ತರ ಅಲ್ಲ."

"ಮತ್ತೆ ಯಾವುದು?"

ಬೈಯುವುದಕ್ಕೆ ನೂರು ಮಾತು ಬರುತ್ತವೆ ನನಗೆ. ಇದಕ್ಕೆ ಯಾರೂ ಕಲಿಸಿರಲಿಲ್ಲ. ಅವಳ ಕಣ್ಣು ನನ್ನ ಕೈಯಲ್ಲಿದ್ದ ಡಬ್ಬಿಯ ಮೇಲೆ ಹೋಯಿತು.

"ಊಟ ಆಗಿಲ್ವಾ?"

"ಇಲ್ಲ."

"ನನ್ನದೂ ಆಗಿಲ್ಲ."

ಅವಳು ಐದೂ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ತನ್ನ ಇನ್ನೊಂದು ಬದಿಗಿಟ್ಟುಕೊಂಡಳು. ಬೆಂಚಿನ ಮೇಲೆ ಒಬ್ಬರಿಗಾಗುವಷ್ಟು ಜಾಗವಾಯಿತು. ಕೂರಿ ಎಂದು ಹೇಳಲಿಲ್ಲ.

ಕೂತೆ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮುಚ್ಚಳ ತೆಗೆದೆ, ಮೊದಲ ತುತ್ತಿಗೆ ಅವಳ ಕೈ ಬರುವವರೆಗೂ ಕಾದೆ.