ಲಂಕೆಯ ಜಲಪಾತದ ಮುಂದೆ

"ನೀವು... ಇಲ್ಲಿ?"

ನೀರಿನ ಭೋರ್ಗರೆತದಲ್ಲಿ ಯಶೋಧರಾಳ ದನಿ ಮುಳುಗಿಹೋಯಿತು. ಆದರೂ ಬಂಡೆಯ ಪಕ್ಕ ನಿಂತಿದ್ದವನು ತಿರುಗಿದ.

ಶಶಿಧರ್!

ವರ್ಷದ ಹಿಂದೆ ಇದೇ ದಿನ, ಲಂಕೆಯ ಇದೇ ಜಲಪಾತದಲ್ಲಿ, ಪ್ರವಾಸಕ್ಕೆ ಬಂದಿದ್ದ ಅವಳ ಅಣ್ಣ ರವಿಕುಮಾರ್ ಕಾಲು ಜಾರಿ ಬಿದ್ದು ತೀರಿಕೊಂಡಿದ್ದ. ಜೊತೆಗಿದ್ದವನು ಅವನ ಗೆಳೆಯ ಶಶಿಧರ್ ಒಬ್ಬನೇ. ಯಶೋಧರಾಳನ್ನು ಮದುವೆಯಾಗಬೇಕಿದ್ದವನು.

"ಫೋಟೋ ತೆಗೀತೀನಿ, ಅಂಚಿಗೆ ಬಾ ಅಂತ ನಾನೇ ಕರೆದೆ," ಎಂದು ಅವನು ಹಗರೆ ಊರಿನ ಅವಳ ಮನೆಯಲ್ಲಿ ತಲೆತಗ್ಗಿಸಿ ಹೇಳಿದ್ದ. ಅಮ್ಮ ಎದೆ ಬಡಿದುಕೊಂಡು ಶಪಿಸಿದಳು. ಯಶೋಧರಾ ತುಟಿ ಬಿಚ್ಚಲಿಲ್ಲ. ಮದುವೆ ಮುರಿಯಿತು. ಅವನು ಅರಸೀಕೆರೆಗೆ ವರ್ಗ ಮಾಡಿಸಿಕೊಂಡು ಹೊರಟುಹೋದ.

ಅಂದಿನಿಂದ ಅವಳಿಗೆ ನೀರಿನ ಸದ್ದೆಂದರೆ ನಡುಕ. ನಲ್ಲಿ ತಿರುಗಿಸಿದರೂ ಸಾಕು, ಪಾಠ ಹೇಳುವ ಶಾಲೆಯಲ್ಲಿ ಮಕ್ಕಳು ಕೈ ತೊಳೆದರೂ ಸಾಕು, ಅದರೊಳಗಿಂದ ಯಾರೋ ಮಾತಾಡುತ್ತಿದ್ದರು. ಅಣ್ಣನಲ್ಲ...

ಅದು ಅವಳದೇ ದನಿ!

ಬೇಲೂರಿನಿಂದ ಲಂಕೆಯ ಬುದ್ಧ ವಿಹಾರಗಳಿಗೆ ಹೊರಟ ಯಾತ್ರಿಕರ ಜೊತೆ ಅವಳು ಬಂದದ್ದೇ ಈ ಜಾಗಕ್ಕಾಗಿ. ಇವನೂ ಬಂದಿರುತ್ತಾನೆಂದು ಎಣಿಸಿರಲಿಲ್ಲ.

"ಅವತ್ತು ಅಣ್ಣ ವಿಡಿಯೋ ಕಾಲ್ ಮಾಡಿದ್ದ. 'ಇನ್ನೂ ಹತ್ತಿರ ಹೋಗಿ ತೋರಿಸಣ್ಣ' ಅಂದೆ ನಾನು. ತಕ್ಷಣ ಫೋನ್ ಕಟ್ ಆಯ್ತು... ಅವನು ಬಿದ್ದಿದ್ದು ಆಗಲೇ ಅಲ್ವಾ?"

ಶಶಿಧರ್ ಮುಖ ಆಚೆ ತಿರುಗಿಸಿದ.

"ನಿಜ ಹೇಳ್ರೀ!"

"ಹೂಂ... ಆಗಲೇ."

"ಮತ್ತೆ ನೀವು ಕರೆದಿದ್ದು ಅಂತ ಯಾಕೆ ಸುಳ್ಳು ಹೇಳಿದ್ರಿ?"

"ನಿಮ್ಮಮ್ಮ ನನ್ನ ಮುಖ ನೋಡದೆ ಬದುಕಬಹುದು. ನಿನ್ನ ಮುಖ ನೋಡದೆ ಹೆಂಗಿರ್ತಾರೆ, ಹೇಳು?"

ಅವಳು ಒದ್ದೆ ಕಲ್ಲಿನ ಮೇಲೆ ಕುಸಿದು ಕುಳಿತಳು. "ನನಗೆ ಗೊತ್ತಿತ್ತು ಕಣ್ರೀ... ಗೊತ್ತಿದ್ದೂ ತಪ್ಪನ್ನು ನಿಮ್ಮ ತಲೆಗೆ ಕಟ್ಟಿ ಸುಮ್ಮನಿದ್ದೆ. ನಾನು ಹೇಡಿ!"

ಅವನು ಪಕ್ಕದಲ್ಲಿ ಕುಳಿತ. "ಬಂಡೆ ಪಾಚಿ ಕಟ್ಟಿತ್ತು, ಜಾರಿದ. ನೀನು ಕೇಳಿದ್ದಕ್ಕೆ ನಗ್ತಾ ಹೋದ ಕಣೇ, ನಗ್ತಾನೇ ಇದ್ದ..."

ಒಂದು ವರ್ಷ ಬೇರೆಬೇರೆಯಾಗಿ ಅತ್ತವರು ಅಂದು ಒಟ್ಟಿಗೆ ಅತ್ತರು.

"ಊರಿಗೆ ಹೋದ ತಕ್ಷಣ ಅಮ್ಮನಿಗೆ ಎಲ್ಲಾ ಹೇಳಿಬಿಡ್ತೀನಿ," ಎಂದಳು ಕಣ್ಣೊರೆಸಿಕೊಂಡು.

"ಬೇಡ ಯಶೋ. ಮನೆಯಿಂದ ಆಚೆ ಹಾಕಿದ್ರೆ?"

"ಹಾಕಿದ್ರೆ ಅರಸೀಕೆರೆ ಬಸ್ ಹತ್ತುತ್ತೀನಿ. ಸ್ಟ್ಯಾಂಡಿನಲ್ಲಿ ಕಾಯ್ತಿರ್ತೀರಾ?"

ಅವನು ಅವಳ ತಣ್ಣಗಿನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಅಲ್ಯಾಕೆ ಕಾಯ್ಲಿ? ನೀನು ಹೇಳುವಾಗ ನಿನ್ನ ಪಕ್ಕದಲ್ಲೇ ನಿಂತಿರ್ತೀನಿ."