ಒಲೆಯೊಳಗೆ ಸಿಡಿದ ಹೂವಿನ ತತ್ತಿ

"ಏನೈತ್ರೀ ಇದರಾಗ?"

ಬೇಕರಿಯ ಹಿಂಬಾಗಿಲಲ್ಲಿ ನಿಂತವನು ಕೇಳಿದಾಗ, ವಿಶಾಲಾಕ್ಷಿಯ ಕೈ ತಾನಾಗಿಯೇ ಸ್ಟೀಲ್ ಡಬ್ಬಿಯನ್ನು ಎದೆಗೆ ಒತ್ತಿಕೊಂಡಿತು.

"ಮಣ್ಣಿಂದು... ಬಣ್ಣದ ಮಣ್ಣಿನ ಗೊಂಬಿ. ಸಣ್ಣ ಕಾವಿನ್ಯಾಗ ಸ್ವಲ್ಪ ಹೊತ್ತು ಇಟ್ರ ಗಟ್ಟಿ ಆಗತೈತಿ. ಇಟ್ಟು ಕೊಡ್ತೀರೇನ್ರಿ?"

ಅವನು ಮರಿಸ್ವಾಮಿ, ಬೇಕರಿ ಕರಿಬಸಯ್ಯನ ಮಗ. ಮೊಣಕೈವರೆಗೂ ಮೈದಾಹಿಟ್ಟು. ಅವನು ಮುಚ್ಚಳ ತೆಗೆದ, ನೋಡುತ್ತಲೇ ನಿಂತ.

ಅರಳೆಯ ನಡುವೆ ಅದು ಮಲಗಿತ್ತು. ಮೈತುಂಬ ಪುಟ್ಟ ಪುಟ್ಟ ಹೂಗಳು, ಕೆಂಪು ಎಸಳು, ಹಳದಿ ನಡು, ಸುತ್ತ ಕಪ್ಪಂಚು.

"ಇಷ್ಟು ಹೂವು ಹೆಂಗ ಬರದ್ರಿ? ಒಂದರಂಗ ಇನ್ನೊಂದು ಐತಿ."

"ಬರದಿಲ್ರೀ." ಅವಳು ಚೀಲದಿಂದ ಬೆರಳುದ್ದದ ಕೋಲೊಂದನ್ನು ತೆಗೆದಳು. "ಬಣ್ಣಬಣ್ಣದ ಮಣ್ಣಿನ ಎಳಿ ಹೂವಿನಂಗ ಜೋಡಿಸಿ ಹೊಸೀಬೇಕು. ಆಮ್ಯಾಲೆ ಸೌತಿಕಾಯಿ ಹೆಚ್ಚಿದಂಗ ತೆಳ್ಳಗ ಹೆಚ್ಚಿ ಅಂಟಿಸೋದು. ಎಲ್ಲಿ ಕೊಯ್ದ್ರೂ ಒಳಗ ಅದಾ ಹೂವು."

"ಎಲ್ಲಿ ಕೊಯ್ದ್ರೂ?"

"ಎಲ್ಲಿ ಕೊಯ್ದ್ರೂ."

ಅವನು ಕೋಲನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಆ ನೋಟ ಸ್ವಲ್ಪ ಹೆಚ್ಚು ಹೊತ್ತೇ ನಿಂತಿತು... ವಿಶಾಲಾಕ್ಷಿ ತಲೆ ತಗ್ಗಿಸಿದಳು. ಹೂಗಳ ಕೆಳಗಿರುವುದು ಕೋಳಿಮೊಟ್ಟೆ ಎಂದು ಅವಳು ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಅಂಗಡಿಯ ಮುಂದೆ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿತ್ತು: 'ನಮ್ಮಲ್ಲಿ ತತ್ತಿ ಸೋಂಕಿಲ್ಲ.' ಮಾಂಸ, ತತ್ತಿ ಮುಟ್ಟದ ಲಿಂಗಸುಗೂರು ಸುತ್ತಿನ ಅಯ್ಯನವರ ಮನೆಗಳೆಲ್ಲ ಮದುವೆಗೆ, ಹಬ್ಬಕ್ಕೆ ಖಾರಿ, ಬಿಸ್ಕೀಟು ಒಯ್ಯುತ್ತಿದ್ದದ್ದು ಆ ಒಂದು ಮಾತಿನ ಮೇಲೆಯೇ.

'ಒಳಗಿಂದು ಒಣಗಿ ಹೋಗೈತಿ. ಬರೇ ಸಿಪ್ಪಿ. ಸಿಪ್ಪಿಗೇನು ಸೋಂಕು?' ಎಂದು ಮಸ್ಕಿಯಿಂದ ಬರುವಾಗ ಬಸ್ಸಿನುದ್ದಕ್ಕೂ ತನಗೆ ತಾನೇ ಹೇಳಿಕೊಂಡಿದ್ದಳು.

ಮರಿಸ್ವಾಮಿ ಬ್ರೆಡ್ಡು ತೆಗೆದು, ಆರುತ್ತಿದ್ದ ಒಲೆಯಲ್ಲಿ ಡಬ್ಬಿ ಇಟ್ಟ. "ಕುಂದ್ರಿ. ಚಾ ಕುಡೀತೀರೇನು?"

ಅವಳು ಉತ್ತರಿಸುವ ಮೊದಲೇ ಒಲೆ ಉತ್ತರಿಸಿತು.

ಡಬ್!

ತಗಡಿನ ಬಾಗಿಲು ಅದುರಿತು. ಹಿಂದೆಯೇ ಬಂತು ವಾಸನೆ. ಹಳಸಿದ, ಕೊಳೆತ, ಮುಚ್ಚಿಡಲಾಗದ ವಾಸನೆ. ಅಂಗಡಿಯಲ್ಲಿ ಮದುವೆಯ ಖಾರಿ ಕಟ್ಟಿಸುತ್ತಿದ್ದ ಹೆಂಗಸರು ಸೆರಗನ್ನು ಮೂಗಿಗೆ ಹಿಡಿದರು.

"ತತ್ತಿ ವಾಸನಿ ಅಲ್ಲೇನ ಇದು?" ಒಬ್ಬಾಕೆ ಅಂದಳು.

ಕರಿಬಸಯ್ಯ ಒಳಗೆ ಬಂದ. ವಿಭೂತಿ ಹಚ್ಚಿದ ಹಣೆಯಲ್ಲಿ ಬೆವರು. "ಏನಲೇ ಇದು? ಯಾರಿಟ್ರು?"

ಮರಿಸ್ವಾಮಿ ವಿಶಾಲಾಕ್ಷಿಯ ಕಡೆ ತಿರುಗಿದ. ಒಂದು ಮಾತು, ಒಂದೇ ಮಾತು ಹೇಳಿದ್ದರೆ ಮುಗಿಯುತ್ತಿತ್ತು... ಅವಳು ಚೀಲ ಎತ್ತಿಕೊಂಡು ಹಿಂಬಾಗಿಲ ಕಡೆ ಸರಿದಳು.

"ನಾನಾ ಇಟ್ಟಿದ್ದೆ, ಅಪ್ಪಾ," ಅಂದ ಅವನು.

ಅವಳು ಓಡಿದಳು. ಹೂವಿನ ಕೋಲು ಅಲ್ಲೇ ಉಳಿಯಿತು.

* * *

ಒಲೆ ಆರಿಸಿದರು, ಗೋಮೂತ್ರ ಹಾಕಿ ತೊಳೆದರು. ಆದರೂ ಅಂಗಡಿಗೆ ಗಿರಾಕಿ ಬರಲಿಲ್ಲ. ಈ ಸುದ್ದಿ ವಿಶಾಲಾಕ್ಷಿಗೆ ಸಿಕ್ಕಿದ್ದು ಕರಕುಶಲ ತರಗತಿಯಲ್ಲಿ, ಸರ್ದಾರಬಿ ಟೀಚರ್ ಬಾಯಿಂದ. ಬೊಂಬಾಯಿಯಿಂದ ಆ ಬಣ್ಣದ ಮಣ್ಣು ತರಿಸಿ ಹುಡುಗಿಯರಿಗೆ ಕಲಿಸುತ್ತಿದ್ದವರು ಅವರೇ.

"ಪಾಪ, ಕರಿಬಸಯ್ಯನ ಇಜ್ಜತ್ತು ಹೋತು ನೋಡ್ರಿ. ಮಗಗ ಒಲಿ ಮುಟ್ಟಬ್ಯಾಡ ಅಂದಾನ. ಸಿಂಧನೂರಾಗ ಸೋದರಮಾವನ ರೈಸ್‌ಮಿಲ್ಲಿಗೆ ಕಳಿಸಾಕತ್ತಾರ. ಬಸ್‌ಸ್ಟ್ಯಾಂಡ್ ಕಡಿ ಬೇಕರ್‍ಯಾವ್ರು ಬೇಕಂತ ಒಂದು ಹುಡುಗಿ ಕಳಿಸಿ ಕೆಡಿಸ್ಯಾರಂತ, ಆಕಿ ಹಿಂಬಾಗಿಲಿಂದ ಓಡಿದ್ದು ಮಂದಿ ನೋಡ್ಯಾರ. ಆ ಹುಡುಗನೂ ಹಂಗ ತಿಳಕೊಂಡಾನ."

ವಿಶಾಲಾಕ್ಷಿಯ ಕೈಯಲ್ಲಿದ್ದ ಬ್ಲೇಡು ನಿಂತಿತು. 'ಬೇಕಂತ... ನಾನು ಬೇಕಂತ?'

"ಟೀಚರ್, ತತ್ತಿ ಒಣಗಿದ ಮ್ಯಾಲೂ ಸಿಡೀತೈತೇನ್ರಿ?"

"ಒಣಗೋದು ಅಂದ್ರ?"

"ಬಿಸಲಾಗ ಇಟ್ರ ಒಳಗಿಂದು ಒಣಗಂಗಿಲ್ಲೇನ್ರಿ? ನೀವು ಕೊಡೋವು ಎಲ್ಲಾ ಹಗರ ಇರತಾವಲ್ಲ..."

ಸರ್ದಾರಬಿ ಅವಳನ್ನೇ ನೋಡಿದರು. "ಅಯ್ಯ ನನ ತಾಯಿ. ಸೂಜಿಲೆ ತೂತು ಮಾಡಿ, ಊದಿ ಖಾಲಿ ಮಾಡಿ ಕೊಡ್ತೀನಿ ನಾನು. ಇಲ್ಲಂದ್ರ ಒಳಗಿಂದು ಎಲ್ಲಿಗೆ ಹೋಗಬೇಕವ್ವಾ, ಊರಿಗೆ?"

ಹುಡುಗಿಯರು ನಕ್ಕರು. ವಿಶಾಲಾಕ್ಷಿ ನಗಲಿಲ್ಲ. ಟೀಚರ್ ಕೊಟ್ಟ ಸಿಪ್ಪೆಯನ್ನು ಕೈತಪ್ಪಿ ಒಡೆದಿದ್ದಳು. ಹೇಳಲು ಹೆದರಿ ಸಂತೆಯಲ್ಲಿ ಗುಟ್ಟಾಗಿ ಒಂದು ತತ್ತಿ ತಂದಿದ್ದಳು, ಅದನ್ನು ಎಂದಿನಂತೆ ಟೀಚರ್ ಮನೆಯ ಒಲೆಗೆ ಒಯ್ಯಲಾಗದೆ ಬೇಕರಿಗೆ ಹೋಗಿದ್ದಳು. ಆಗಲೂ ಮೌನ, ಒಲೆಯ ಮುಂದೆಯೂ ಮೌನ. ಆ ಮೌನವನ್ನು ಈಗ ಬೇರೊಬ್ಬರು ಹೊತ್ತು ಸಿಂಧನೂರಿಗೆ ಹೊರಟಿದ್ದರು.

ಆ ಸಂತೆಯ ತತ್ತಿಗೆ ಮೊದಲು ಅವಳ ಮನೆಗೆ ಏಳು ತಲೆಮಾರಿನಿಂದ ತತ್ತಿ ಬಂದಿರಲಿಲ್ಲ. ಅಜ್ಜಿ ಪಾರ್ವತೆಮ್ಮನ ಕಥೆಗಳಲ್ಲಿ ಮಾತ್ರ ಬರುತ್ತಿತ್ತು, ಏಳು ಸಮುದ್ರದಾಚೆ, ಆಲದ ಪೊಟರೆಯಲ್ಲಿ, ರಾಜಕುಮಾರನ ಜೀವ ಹೊತ್ತು. ಅಜ್ಜಿಯ ತತ್ತಿಗಳಲ್ಲಿ ಜೀವವಿರುತ್ತಿತ್ತು, ಬಿಳಿ ಹಳದಿ ಇರುತ್ತಿರಲಿಲ್ಲ.

ಸಂಜೆ ಅವಳು ಎಲ್ಲವನ್ನೂ ಅಜ್ಜಿಯ ಮುಂದೆ ಹೇಳಿದಳು.

ಪಾರ್ವತೆಮ್ಮ ಬಹಳ ಹೊತ್ತು ರುದ್ರಾಕ್ಷಿ ತಿರುಗಿಸಿದಳು. "ಮಂದಿ ಮುಂದ ಹೇಳಿದ್ರ ನಮ್ಮ ಮನಿ ಹೆಸರು ಹೊಕ್ಕೈತಿ. ಅಯ್ಯನವರ ಮನಿ ಹುಡುಗಿ ತತ್ತಿ ಮುಟ್ಯಾಳ ಅಂತಾರ. ನಿನ್ನ ಯಾರೂ ಮಾಡಿಕೊಳ್ಳಂಗಿಲ್ಲ."

"ಗೊತ್ತೈತಿ, ಅಜ್ಜಿ."

"ಹೇಳದಿದ್ರ?"

"ಆ ರಾಜಕುಮಾರನ ಜೀವ ನಾನಾ ತಗೊಂಡಂಗ."

ಅಜ್ಜಿ ಮೊಮ್ಮಗಳ ಮುಖ ನೋಡಿದಳು. "ರಾಜಕುಮಾರ ಅಂದ್ಯಾ? ನಡಿ ಮತ್ತ. ನನ್ನ ಕೋಲು ಕೊಡು."

* * *

ಮರುದಿನ ಅವರು ಬೇಕರಿಗೆ ಬಂದಾಗ ಮರಿಸ್ವಾಮಿಯ ಟ್ರಂಕು ಬಾಗಿಲಲ್ಲಿತ್ತು. ಸಿಂಧನೂರಿನ ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತು. ಅಂದು ಖಾರಿ ಕಟ್ಟಿಸುತ್ತಿದ್ದ ಹೆಂಗಸರು ಮುಂಗಡ ವಾಪಸು ಕೇಳಲು ನಿಂತಿದ್ದರು.

ಅವಳನ್ನು ಕಂಡು ಮರಿಸ್ವಾಮಿಯ ಮುಖ ಗಡುಸಾಯಿತು. "ಇನ್ನೂ ಏನರ ಕೆಡಿಸೋದು ಉಳದೈತೇನ್ರಿ?"

ಆ ಮಾತು ಎದೆಯೊಳಗೆ ಇಳಿಯಿತು. ಆದರೂ ಅವಳು ಕರಿಬಸಯ್ಯನ ಮುಂದೆ ಹೋಗಿ ನಿಂತಳು.

"ತಪ್ಪು ನಂದ್ರಿ, ಕಾಕಾರ. ನಿಮ್ಮ ಮಗಂದಲ್ಲ. ಅದು ಮಣ್ಣಿಂದು ಅಂತ ನಾನಾ ಸುಳ್ಳು ಹೇಳಿ ಕೊಟ್ಟಿದ್ದೆ."

ಹೆಂಗಸರೆಲ್ಲ ಇತ್ತ ತಿರುಗಿದರು.

"ಯಾರು ಕಳಿಸಿದ್ರು?" ಕರಿಬಸಯ್ಯನ ದನಿ ತಣ್ಣಗಿತ್ತು.

"ಯಾರೂ ಕಳಿಸಿಲ್ರಿ. ಒಳಗ ಏನೂ ಇಲ್ಲ ಅಂತ ತಿಳಕೊಂಡಿದ್ದೆ. ಒಣಗಿಸಿದ್ದೆ."

"ತತ್ತಿ ಒಣಗಿಸಿದ್ದಿ? ಎಲ್ಲಿ?"

"ಮಾಳಿಗಿ ಮ್ಯಾಲೆ..." ಅವಳ ಕಣ್ಣು ತುಂಬಿತು. "ಸಂಡಿಗಿ ಮಗ್ಗಲ. ದಿನಾ ಮಗ್ಗಲು ಹೊಳ್ಳಿಸಿ ಇಡ್ತಿದ್ದೆ. ಕಾಗಿ ಒಯ್ದೀತಂತ ಮ್ಯಾಲೆ ಪಾತಳ ಸೀರಿ ಮುಚ್ಚಿದ್ದೆ."

ಸೆರಗಿನ ಹಿಂದಿನಿಂದ ಒಂದು ಕಿಸಕ್ ಬಂತು. ಮತ್ತೊಂದು. ಕರಿಬಸಯ್ಯನ ಮೀಸೆ ಅದುರಿತು. ಅವನು ಗಲ್ಲಾದ ಮೇಲೆ ಕೈಯೂರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಕೇಳಿದ್ರೇನವ್ವಾ? ತತ್ತಿನ್ನ ಸಂಡಿಗಿಯಂಗ ಒಣಗಿಸ್ಯಾಳ. ಈಕಿ ಮನ್ಯಾಗ ತತ್ತಿ ಹೊಕ್ಕಿಲ್ಲ ಅನ್ನಾಕ ಇದಕ್ಕಿಂತ ಸಾಕ್ಷಿ ಎಲ್ಲಿಂದ ತರೂನು? ತಿಳಿದಾಕಿ ಹಿಂಗ ಮಾಡಂಗಿಲ್ಲ, ಕೆಡಸಾಕ ಬಂದಾಕಿ ಹಿಂಗ ಹೇಳಂಗಿಲ್ಲ."

ಮುಂಗಡ ಕೇಳಲು ಬಂದಾಕೆ ಸೆರಗು ಸರಿಮಾಡಿಕೊಂಡಳು. "ಇರ್‍ಲಿ ಬಿಡ್ರಿ, ಅಯ್ಯಾರ. ಖಾರಿ ನಾಳಿಗೆ ಕಟ್ಟಿಡ್ರಿ."

ಪಾರ್ವತೆಮ್ಮ ಬೆಂಚಿನ ಮೇಲೆ ಕೂತು ಕೋಲು ಕುಟ್ಟಿದಳು. "ಅದೆಲ್ಲಾ ಇರ್‍ಲಿ. ನಿಮ್ಮ ಮಗ ಗುರುತಿಲ್ಲದ ಹುಡುಗಿ ಸಲುವಾಗಿ ಯಾಕ ಸುಳ್ಳಾಡಿದ, ಅದನ್ನ ಕೇಳ್ರಿ ಮೊದಲು."

ಕರಿಬಸಯ್ಯ ಮಗನ ಕಡೆ ತಿರುಗಿದ. ಮಗ ಆಗಲೇ ಟ್ರಂಕು ಹಿಡಿದು ಹಿಂಬಾಗಿಲು ಸೇರಿದ್ದ.

* * *

"ಹಂಗ ಮಾತಾಡಬಾರದಿತ್ತು ನಾನು," ಅಂದ ಮರಿಸ್ವಾಮಿ, ಅವಳು ಹತ್ತಿರ ಬಂದಾಗ. "ಮಂದಿ ಹೇಳಿದ್ದು ನಂಬಿದೆ."

"ನಾನು ಓಡಬಾರದಿತ್ತು." ಅವಳು ಅತ್ತ ನೋಡಿದಳು. "ಅಷ್ಟು ಸಿಟ್ಟಿದ್ರ ನಿಮ್ಮಪ್ಪಗ ನನ್ನ ಹೆಸರು ಹೇಳಬೇಕಿಲ್ಲೇನು?"

"ಹೆಸರು ಎಲ್ಲಿ ಗೊತ್ತಿತ್ತು?"

ಅವಳಿಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟಳು. "ವಿಶಾಲಾಕ್ಷಿ."

ಅವನು ಟ್ರಂಕು ತೆಗೆದ. ಮಡಿಸಿದ ಅಂಗಿಗಳ ನಡುವಿನಿಂದ ಹೂವಿನ ಕೋಲು ಹೊರಬಂತು. ತುದಿಯಲ್ಲಿ ಅದನ್ನು ತೆಳ್ಳಗೆ ಕೊಯ್ದ ಗುರುತುಗಳು.

"ಇದನ್ನ ಕೊಯ್ದೀರೇನು?" ಅವಳು ಬೆರಗಾದಳು.

"ನಿಮ್ಮ ಮ್ಯಾಲೆ ಸಿಟ್ಟು ಬಂದಾಗೊಮ್ಮೆ ಒಂದು ಹೋಳು ಕೊಯ್ದು ನೋಡ್ತಿದ್ದೆ. ಒಳಗ ಸುಳ್ಳಿದ್ರ ಎಲ್ಲೆರ ಒಂದು ಕಡಿ ಕಾಣಬೇಕಲ್ಲ ಅಂತ." ಅವನ ದನಿ ಇಳಿಯಿತು. "ಎಲ್ಲಿ ಕೊಯ್ದ್ರೂ ಅದಾ ಹೂವು ಬಂತು. ನನ್ನೊಳಗೂ ಹಂಗಾ ಆಗೇತಿ, ವಿಶಾಲಾಕ್ಷಿ... ಎಲ್ಲಿ ನೋಡಿದ್ರೂ ನೀನಾ."

ಹೊರಗೆ ಸಿಂಧನೂರಿನ ಬಸ್ಸು ಹಾರ್ನು ಹೊಡೆಯಿತು. ಇಬ್ಬರೂ ಕದಲಲಿಲ್ಲ. ಬಸ್ಸು ಹೋಯಿತು.

ಅವಳು ಕೋಲನ್ನು ಅವನ ಅಂಗೈಯಲ್ಲೇ ಇಟ್ಟು, ಬೆರಳುಗಳನ್ನು ಮಡಚಿದಳು.

"ಇನ್ನ ಕೊಯ್ಯಬ್ಯಾಡ್ರಿ. ಇರೋದನ್ನ ಇಟ್ಕೊಳ್ರಿ."

"ಮತ್ತ ಹೊಸಾ ತತ್ತಿ ಮಾಡಂಗಿಲ್ಲೇನು?"

"ಮಾಡ್ತೀನಿ. ಊದಿ ಖಾಲಿ ಮಾಡಿ, ಟೀಚರ್ ಮನ್ಯಾಗ ಸುಡ್ತೀನಿ." ಅವಳ ಕೆನ್ನೆ ಕೆಂಪಾಯಿತು. "ನಮ್ಮ ಬೇಕರಿ ಒಲ್ಯಾಗ ತತ್ತಿ ಇಡಂಗಿಲ್ಲ."

'ನಮ್ಮ' ಎಂಬುದನ್ನು ಅವನು ಕೇಳಿಸಿಕೊಂಡ. ಕೇಳಿಸಿತೆಂದು ಅವಳಿಗೂ ತಿಳಿಯಿತು.